ಗಿರಣಿ ನಿಂತಾಗ ಹೇಳಿದ ಪಾಠ

ಶಹಾಬಜಾರದ ನಮ್ಮ ಮನೆಗೆ ಒಂದೇ ಗೋಡೆಯಾಚೆ ಹಿಟ್ಟಿನ ಗಿರಣಿ. ಅದು ತಿರುಗುವಾಗ ಮನೆಯವರ ಮಾತೇ ಕೇಳಿಸದು, ಇನ್ನು ವಿಡಿಯೋ ಮಾಡುವುದೆಲ್ಲಿ ಬಂತು! ಹಾಗಾಗಿ ಕರೆಂಟು ಹೋದಾಗಲೇ ನನ್ನ ಪಾಠ. ಗಿರಣಿ ನಿಂತ ಕೂಡಲೇ ಒಲೆ ಆರಿಸಿ, ಕಿಟಕಿಯ ಬೆಳಕಿಗೆ ಹಲಗೆ ಒರಗಿಸಿ, ಫೋನು ನಿಲ್ಲಿಸಿ ಶುರುಮಾಡುತ್ತಿದ್ದೆ. ಫ್ಯಾನಿಲ್ಲದೆ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಓಣಿಯೆಲ್ಲ ಕರೆಂಟಿನವರಿಗೆ ಶಾಪ ಹಾಕುವ ಹೊತ್ತಿನಲ್ಲಿ ನಾನೊಬ್ಬಳೇ ಅವರನ್ನು ಹರಸುತ್ತಿದ್ದೆ.

ಶಾಲೆಯ ಕೆಲಸ ಬಿಟ್ಟು ಈ ಚಾನೆಲ್ ಶುರುಮಾಡಿದ್ದು ಒಂದೇ ಹಟಕ್ಕೆ. ಹತ್ತನೆಯ ತರಗತಿಯ ವಿಜ್ಞಾನವನ್ನು ನಮ್ಮ ಕಡೆಯ ಮಕ್ಕಳು ನಮ್ಮ ಮಾತಿನಲ್ಲೇ ಕೇಳಬೇಕು. ಪುಸ್ತಕದ ಕನ್ನಡಕ್ಕೆ ಹೆದರಿ ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿಯರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ವಿದ್ಯುತ್ತಿನ ಸಮಾಂತರ ಜೋಡಣೆಗೆ ನಾನು ರೋಜಾ ದರ್ಗಾದ ಉರುಸನ್ನೇ ತಂದೆ. ಅಷ್ಟೂ ಮಂದಿ ಒಂದೇ ಗಲ್ಲಿಯಲ್ಲಿ ನಡೆದರೆ ನೂಕಾಟ, ಪಕ್ಕದಲ್ಲಿ ಇನ್ನೊಂದೆರಡು ಗಲ್ಲಿ ತೆರೆದರೆ ಸಲೀಸು. ಕರೆಂಟಿಗೂ ದಾರಿ ಹೆಚ್ಚಿದಷ್ಟು ತಡೆ, ಅಂದರೆ ಪುಸ್ತಕದ ರೋಧ, ಕಡಿಮೆ. ಮೊದಮೊದಲು ನೋಡುವವರಿದ್ದರು. ಆಮೇಲೆ, ಮೇಡಂ ಮೊದಲು ಶುದ್ಧ ಕನ್ನಡ ಕಲಿತು ಬನ್ನಿ ಎಂದು ವಿಡಿಯೋದ ಕೆಳಗೆ ಬರೆಯುವವರು ಬಂದರು. ದೂರದೂರಿನ ಅವರಿಗೆ ನಾನು ಕ್ಯಾರೇ ಅನ್ನಲಿಲ್ಲ. ಕೊನೆಗೆ ನೋಡುವವರೇ ಇಲ್ಲವಾದರು. ಆದರೂ ನಮ್ಮ ಮಕ್ಕಳು ನನ್ನನ್ನು ಬಿಡುವುದಿಲ್ಲ ಎಂಬ ಹುಚ್ಚು ಧೈರ್ಯ ಇತ್ತು.

ಹೋದ ವರ್ಷ ಪರೀಕ್ಷೆಯ ದಿನಗಳಲ್ಲಿ ಕಮಲಾಪುರದ ಅಕ್ಕನ ಮನೆಗೆ ಹೋದೆ. ಅಕ್ಕ ಸಂತೆಗೆ ಹೋಗಿದ್ದಳು. ಹತ್ತನೆಯ ತರಗತಿಯ ಅವಳ ಮಗಳು ಪಡಸಾಲೆಯಲ್ಲಿ ಫೋನು ಮುಂದಿಟ್ಟುಕೊಂಡು ಕೂತಿದ್ದಳು. ಕಂಪ್ಯೂಟರ್ ಹುಟ್ಟಿಸಿದ ಗಂಡುದನಿಯೊಂದು ಅದರೊಳಗಿಂದ, ಉರುಸಿಗೆ ಬಂದ ಜನಸ್ತೋಮವನ್ನು ಊಹಿಸಿಕೊಳ್ಳಿ ಎನ್ನುತ್ತಿತ್ತು. ಹಿಂದೆಯೇ ಗಲ್ಲಿಗಳೂ ಬಂದವು, ನಾನು ಹೇಳಿದ ಕ್ರಮದಲ್ಲೇ. ಯಾರೋ ನನ್ನ ಪಾಠವನ್ನು ಎತ್ತಿಕೊಂಡು, ಅದರಿಂದ ನಮ್ಮ ಮಾತನ್ನು ತೊಳೆದು ತೆಗೆದು, ಯಂತ್ರದ ಬಾಯಿಗೆ ಹಾಕಿದ್ದರು.

ಇದು ನನ್ನ ಪಾಠ ಎಂದೆ. ಗೊತ್ತು ಎಂದಳು, ನನ್ನದನ್ನು ಮೊದಲೇ ನೋಡಿದ್ದಳಂತೆ. ಹಾಗಾದರೆ ಇದನ್ನು ಯಾಕೆ ನೋಡುತ್ತೀ ಎಂದು ಕೇಳಿದೆ. ನನ್ನನ್ನು ನೋಯಿಸುವ ಇರಾದೆ ಅವಳಿಗೆ ಚೂರೂ ಇರಲಿಲ್ಲ.

“ಚಿಗವ್ವ, ನೀ ಹೇಳಿದ್ರ ಮನ್ಯಾಗ ಮಾತಾಡ್ದಂಗ ಅನಸ್ತದ. ಇವ್ರು ಹೇಳಿದ್ರ ಪಾಠ ಅನಸ್ತದ.”

ಹೊರಗಿನವರ ಕೊಂಕನ್ನು ಇಷ್ಟು ದಿನ ನುಂಗಿಕೊಂಡಿದ್ದೆ. ಈ ಮಾತು, ಯಾರಿಗಾಗಿ ಎಲ್ಲ ಮಾಡಿದೆನೋ ಅವಳ ಬಾಯಿಂದಲೇ ಬಂದಿತ್ತು. ಅವಳು ಲೆಕ್ಕ ಬಿಡಿಸಲು ಕೂತಳು. ರೋಧಗಳನ್ನು ಕೂಡಿಸುವಲ್ಲಿ ತಡವರಿಸಿ, ಬರೆದದ್ದನ್ನು ಹೊಡೆದು ಹಾಕಿ, ತಲೆ ಎತ್ತಿದಳು. ನನ್ನನ್ನು ಕೇಳುತ್ತಾಳೆಂದು ಹತ್ತಿರ ಸರಿದು ಕೂತೆ. ಅವಳು ಫೋನು ಎತ್ತಿಕೊಂಡು ಆ ದನಿಯನ್ನೇ ಮತ್ತೆ ಮೊದಲಿನಿಂದ ಹಾಕಿದಳು.