ಬೆರಕೆ ಸೊಪ್ಪಿನ ಸೈದಾಬೀ

ಯಶೋಧರಾ ಸೈದಾಬೀಯನ್ನು ಮೊದಲು ಕಂಡದ್ದು ಸಂತೇಬೆನ್ನೂರಿನ ಸಂತೆಯಲ್ಲಿ. ಒದ್ದೆ ಗೋಣಿಚೀಲದ ಮೇಲೆ ಅಣ್ಣೆ, ಗೋಣಿ, ಕನ್ನೆ ಸೊಪ್ಪುಗಳನ್ನು ಹರಡಿಕೊಂಡು ಆಕೆ ಬೇರಿನ ಮಣ್ಣು ಕೊಡವುತ್ತಿದ್ದಳು. ಎಲ್ಲವೂ ಹೊಲದ ಬದುಗಳಲ್ಲಿ ತಾನಾಗಿ ಬೆಳೆದದ್ದು.

"ಇನ್ನೊಂದು ಹಿಡಿ ಹಾಕ್ರೀ," ಎಂದಳು ಯಶೋಧರಾ.

"ಸಾರಿಗಾ, ಇಲ್ಲ ಎಮ್ಮೆಗಾ ತಾಯಿ?" ಎಂದು ನಗುತ್ತಲೇ ಸೈದಾಬೀ ಎರಡು ಹಿಡಿ ಹಾಕಿದ್ದಳು.

ಆಮೇಲೆ ಸುತ್ತಲೂ ಮೆಕ್ಕೆಜೋಳವೇ ಆಯಿತು. ಕಳೆ ಕೀಳುವ ಹೆಂಗಸರ ಬದಲು ಕಳೆನಾಶಕ ಬಂತು, ಬದುಗಳು ಸುಟ್ಟಂತಾದವು. ಸೊಪ್ಪಿಗಾಗಿ ಸೈದಾಬೀ ಊರೂರು ಅಲೆದಳು. ಈ ಮಳೆಗಾಲ ಒಂದು ಬದುವಿನಲ್ಲಿ ಎಳೆಯ ಸೊಪ್ಪು ಕಂಡಾಗ ಹಿಗ್ಗಿ, ಬುಟ್ಟಿ ತುಂಬಿಕೊಂಡು ಸಂತೆಗೆ ಬಂದಳು. ಯಶೋಧರಾಳ ಚೀಲಕ್ಕೆ ಹಾಕುತ್ತಿರುವಾಗಲೇ ಆ ಹೊಲದ ಒಡೆಯ ರಘುನಾಥ ಓಡಿಬಂದ.

"ಅದನ್ನ ಮಾರಬ್ಯಾಡಮ್ಮ! ಆ ಬದುವಿಗೆ ನಿನ್ನೆ ಕಳೆ ಔಷಧಿ ಹೊಡೆಸೀನಿ."

"ಹಸಿರಾಗೇ ಐತಲ್ಲಪ್ಪಾ!"

"ಬಾಡಾಕೆ ನಾಕು ದಿನ ಬೇಕು."

ಸೈದಾಬೀ ಯಶೋಧರಾಳ ಚೀಲ ಕಿತ್ತುಕೊಂಡು ಸೊಪ್ಪನ್ನೆಲ್ಲ ನೆಲಕ್ಕೆ ಸುರಿದಳು.

"ಇನ್ನು ನಾ ಕೊಟ್ಟದ್ದನ್ನ ನೀವು ಹೆಂಗೆ ತಿಂತೀರಿ?"

ಮುಂದಿನ ಸಂತೆಗೆ ಸೈದಾಬೀ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

ಈಗ ಅವಳು ಬೆನ್ನಿಗೆ ಪಂಪು ಕಟ್ಟಿಕೊಂಡು ರಘುನಾಥನ ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆಯುವ ಕೂಲಿಗೆ ಹೋಗುತ್ತಾಳೆ.