ಗೆದ್ದ ಕಾರ್ಡು ವಾಪಸ್ ಬಂದ ದಿನ

ನಸುಕಿನಲ್ಲಿ ಬೈಲಹೊಂಗಲದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕುಳಿತು ವರದಾ ಕುಲಕರ್ಣಿ ಸಾಬೂನಿನ ಖಾಲಿ ಡಬ್ಬಿಗಳನ್ನು ಬಿಚ್ಚಿ ಕತ್ತರಿಸುತ್ತಿದ್ದಾರೆ. ಒಳಮೈಯ ಬೂದು ರಟ್ಟಿನ ಮೇಲೆ ಒಂದು ಏಣಿ ಮೂಡುತ್ತದೆ, ಒಂದು ಸೇತುವೆ, ಒಂದು ಕೊಡೆ. ಅವುಗಳ ಇಂಗ್ಲಿಷ್ ಹೆಸರನ್ನು ಇವತ್ತು ಮಕ್ಕಳು ಹೇಳಬೇಕು. ಮೊದಲ ಬಸ್ಸಿಗೆ ದೊಡವಾಡ, ಅಲ್ಲಿಂದ ಆಚೆಯ ಹಳ್ಳಿಗೆ ನಡಿಗೆ. ಅಲ್ಲಿಯ ಸರ್ಕಾರಿ ಶಾಲೆಗೆ ಅವರು ಹತ್ತು ವರ್ಷದಿಂದ ಅತಿಥಿ ಶಿಕ್ಷಕಿ. ಪ್ರತಿ ಜೂನಿಗೆ ಹೊಸದಾಗಿ ಅರ್ಜಿ ಹಾಕಬೇಕು.

"ಹತ್ತು ವರ್ಷ ಅತಿಥಿ ಆಗಿ ಬೀಗರೂ ಕೂಡೂದಿಲ್ರಿ," ಎಂದು ನಗುತ್ತಾರೆ.

ತರಗತಿಯಲ್ಲಿ ಮಕ್ಕಳು ದುಂಡಗೆ ಕೂಡುತ್ತಾರೆ. ಚಿತ್ರದ ಕಾರ್ಡು ಒಮ್ಮೆ ಮಿಂಚಿ ಮರೆಯಾಗುತ್ತದೆ. ಮೊದಲು ಹೆಸರು ಹೇಳಿ, ಅದನ್ನಿಟ್ಟು ಒಂದು ವಾಕ್ಯ ಕಟ್ಟಿದವರಿಗೆ ಆ ಕಾರ್ಡು ಸ್ವಂತ.

"ಏ ಕಾಂತೇಶ, ನನ್ನ ಬಾಯಾಗಿಂದ ಕಸಗೊಂಡಿಯಲ್ಲೋ!"

"ನಿನ್ನ ಬಾಯಿ ನಿದ್ದಿ ಮಾಡಾಕ ಹತ್ತಿತ್ತು!"

ಗೆದ್ದದ್ದನ್ನು ಮನೆಗೆ ಒಯ್ಯಬಹುದು. "ಪುಸ್ತಕ ಸರ್ಕಾರದ್ದು, ಅಂಗಿ ಸರ್ಕಾರದ್ದು. ಅವರದು ಅಂತ ಒಂದರ ಇರಲಿ," ಎನ್ನುತ್ತಾರೆ ವರದಾ.

ಮೊದಲು ಈ ಕಾರ್ಡುಗಳನ್ನು ಅವರು ಲಗ್ನಪತ್ರಿಕೆಯಲ್ಲಿ ಮಾಡುತ್ತಿದ್ದರು. ಯಾರ ಮನೆಯ ಲಗ್ನ ಮುಗಿದರೂ ಉಳಿದ ಪತ್ರಿಕೆಗಳು ಶಾಲೆಗೆ ಬರುತ್ತಿದ್ದವು. ಕಳೆದ ಫೆಬ್ರವರಿಯಿಂದ ಒಂದೂ ಬಂದಿಲ್ಲ.

ಆ ತಿಂಗಳ ಒಂದು ಶನಿವಾರ, ಎಂಟನೆಯ ತರಗತಿಯ ಕೃಷ್ಣವ್ವ ತನ್ನ ಕಾರ್ಡುಗಳ ಕಟ್ಟು ತಂದು ಮೇಜಿನ ಮೇಲಿಟ್ಟಳು. ಇಡೀ ಶಾಲೆಯಲ್ಲಿ ಅವಳದೇ ದೊಡ್ಡ ಕಟ್ಟು.

"ಇವನ್ನ ಬ್ಯಾರೇರಿಗಿ ಕೊಡ್ರಿ ಅಕ್ಕೋರ."

"ಯಾಕವ್ವಾ, ಬ್ಯಾಸರಾತೇನು?"

"ಸೋಮವಾರ ಅಕ್ಕನ ಲಗ್ನ ಐತ್ರಿ."

"ಅಕ್ಕನ ಲಗ್ನ ಇದ್ರ ನೀ ಯಾಕ ಕಾರ್ಡು ಕೊಡ್ತಿ?"

ಹುಡುಗಿ ನೆಲ ನೋಡಿದಳು. ವರದಾಗೆ ಅಷ್ಟು ಸಾಕಾಯಿತು. ಪತ್ರಿಕೆಯಲ್ಲಿ ಅಕ್ಕನ ಹೆಸರಷ್ಟೇ ಅಚ್ಚು ಹಾಕಿಸಿ, ಅದೇ ಹಂದರದಲ್ಲಿ ತಂಗಿಯ ಕೊರಳಿಗೂ ತಾಳಿ ಬಿಗಿಯುವುದು ಗೊತ್ತಿದ್ದವರಿಗೆಲ್ಲ ಗೊತ್ತಿರುವ ಉಪಾಯ.

ಅವರು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಸೋಮವಾರ ಜೀಪು ಬಂತು. ಬಂದವರು ಪತ್ರಿಕೆ ನೋಡಿದರು, ಅಕ್ಕನ ವಯಸ್ಸಿನ ದಾಖಲೆ ನೋಡಿದರು, ಹುಗ್ಗಿ ಉಂಡು ಹೋದರು. ಜೀಪಿನ ಧೂಳು ಇಳಿಯುವುದರೊಳಗೆ ಹದಿನಾಲ್ಕರ ಹುಡುಗಿಗೆ ಅಕ್ಷತೆ ಬಿದ್ದಿತ್ತು. ಹಂದರದ ಎದುರಿಗೇ ಶಾಲೆಯ ಗೋಡೆ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: ಹೆಣ್ಣು ಮಗು ಓದಲಿ.

ಕೃಷ್ಣವ್ವನ ಕಾಕಾ ನಿಜಗುಣಪ್ಪ ಶಾಲಾ ಸಮಿತಿಯ ಅಧ್ಯಕ್ಷ. ಮರುದಿನ ತರಗತಿಯ ಬಾಗಿಲಲ್ಲೇ ನಿಂತು ಹೇಳಿದ್ದರು: "ಅಕ್ಕೋರ, ನೀವು ಅತಿಥಿ ಅದೀರಿ. ಅತಿಥಿ ಇದ್ದಂಗ ಇರ್ರಿ."

ಅಂದಿನಿಂದ ಊರು ಪತ್ರಿಕೆ ಕೊಡುವುದನ್ನು ಬಿಟ್ಟಿದೆ. ಮಗುವನ್ನು ಸಾಗಹಾಕಿದವರಿಗೆ ಇಲ್ಲಿ ಇನ್ನೂ ಕುರ್ಚಿ ಇದೆ; ಫೋನು ಮಾಡಿದವಳಿಗೆ ಒಂದು ತಂಬಿಗೆ ನೀರು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ. ಜೂನಿನಲ್ಲಿ ಆ ದೂರದ ಹಳ್ಳಿಗೆ ಬೇರೆ ಯಾರೂ ಅರ್ಜಿ ಹಾಕಲಿಲ್ಲವೆಂದು ವರದಾ ಉಳಿದಿದ್ದಾರೆ, ಅಷ್ಟೇ.

ಕೃಷ್ಣವ್ವ ಈಗ ರಾಮದುರ್ಗದ ಕಡೆ ಗಂಡನ ಮನೆಯಲ್ಲಿದ್ದಾಳೆ. ಅವಳ ಕಟ್ಟು ಶಾಲೆಯ ಕಪಾಟಿನಲ್ಲಿದೆ. ವರದಾ ಅದನ್ನು ಯಾರಿಗೂ ಹಂಚಿಲ್ಲ. "ಆಕಿ ಗೆದ್ದದ್ದು ಅದ. ನಾ ಹ್ಯಾಂಗ ಕೊಡ್ಲಿ?"

ಈಗ ಆಟದಲ್ಲಿ ಮುಂದಿರುವವಳು ಕೃಷ್ಣವ್ವನ ತಂಗಿ, ನಾಲ್ಕನೆಯ ತರಗತಿಯ ಬಾಯವ್ವ. ಸಂಜೆಯ ಗಂಟೆ ಬಾರಿಸಿದ ಮೇಲೆ ಅವಳು ಮೇಜಿನ ಬಳಿ ಬಂದು ನಿಲ್ಲುತ್ತಾಳೆ. ಎರಡೂ ಕೈಯಲ್ಲಿ ತನ್ನ ಕಾರ್ಡುಗಳ ಕಟ್ಟು. ಫಲಕ ಒರೆಸುತ್ತಿದ್ದ ವರದಾ ಅವರ ಕೈ ಅಲ್ಲಿಗೇ ನಿಲ್ಲುತ್ತದೆ.

"ಏನವ್ವಾ?"

"ಇದಕ್ಕ ಕಟ್ಟಿದ್ದ ರಿಬ್ಬನ್ ಹರದೈತ್ರಿ ಅಕ್ಕೋರ. ಒಂದ ದಾರ ಕೊಡ್ರಿ."

ವರದಾ ಚೀಲ ತಡಕಿ ದಾರ ತೆಗೆಯುತ್ತಾರೆ. ಕಾರ್ಡುಗಳಿಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕುತ್ತಾರೆ. ಹುಡುಗಿ ಅಂಗಳ ದಾಟಿ ಓಡುತ್ತಾಳೆ.

"ಕಾಯಂ ನೌಕರಿ ಬ್ಯಾಡ ಅನ್ನೂದಿಲ್ರಿ, ಬೇಕು," ಎನ್ನುತ್ತಾರೆ ಆಮೇಲೆ. "ಆದ್ರ ಅದಕ್ಕಿಂತ ಮೊದಲ ಇದು. ಈ ಹುಡುಗಿ ತನ್ನ ಕಾರ್ಡು ನನಗ ವಾಪಸ್ ಕೊಡಬಾರದು."