ತೆಕ್ಕಲಕೋಟೆಯ ತೂಬಿನ ಬಳಿ ನಿಂತ ಕೆಂಪು ಕಾರು

ಭಕ್ತ ಬಾಂಧವರೇ, ಎಂಜಿನ್ ಒಡೆದದ್ದನ್ನೂ ದೇವರ ಕೃಪೆ ಎಂದು ಬರೆಯುವ ನನ್ನನ್ನು ಹುಚ್ಚಿ ಎಂದುಕೊಂಡರೆ ನನಗೇನೂ ಬೇಸರವಿಲ್ಲ. ಕಳೆದ ಕಾರ್ತಿಕ ಮಾಸದಲ್ಲಿ ಸಿರುಗುಪ್ಪದಿಂದ ಬಳ್ಳಾರಿಗೆ ಬರುವಾಗ, ತೆಕ್ಕಲಕೋಟೆ ದಾಟಿದ ಮೇಲೆ ಸಿಗುವ ಕಾಲುವೆ ತೂಬಿನ ಹತ್ತಿರ, ನಮ್ಮ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಎಂಜಿನ್ ಒಡೆಯಿತು. ನಾಲ್ಕು ವರ್ಷದ ಹಿಂದೆ ನನ್ನ ಯಜಮಾನರು ಪ್ರಾಣ ಬಿಟ್ಟದ್ದು ಅದೇ ಕಾರಿನಲ್ಲಿ, ಅದೇ ತೂಬಿನ ಹತ್ತಿರ.

ಆ ಕಾರು ಬಂದ ಕಥೆ ಬಳ್ಳಾರಿಯವರಿಗೆ ಹೊಸದಲ್ಲ. ಗಣಿ ಜೋರಾಗಿದ್ದಾಗ ಊರಿಗೆ ಬಂದ ವಿದೇಶಿ ಕಾರುಗಳಲ್ಲಿ ಅದೂ ಒಂದು. ಗಣಿ ನಿಂತ ಮೇಲೆ ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ನಮ್ಮ ಯಜಮಾನರು ಅದನ್ನು ಮನೆಗೆ ತಂದರು. ಎರಡೇ ಬಾಗಿಲು, ಎರಡೇ ಸೀಟು. ಮಗಳು ವಿಜಯಾ ಎಲ್ಲಿ ಕೂರಬೇಕು ಎಂದು ಕೇಳಿದರೆ ನಗುತ್ತಿದ್ದರು. ಭಾನುವಾರ ಬಂತೆಂದರೆ ಹೆಂಡತಿಯ ಮುಖ ನೋಡುವುದಕ್ಕಿಂತ ಬಾನೆಟ್ಟಿನೊಳಗೆ ಇಣುಕುವುದೇ ಹೆಚ್ಚು. ನಾನು ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದೆ.

ಅವರು ಹೋದ ದಿನ ಬೆಳಿಗ್ಗೆ ಜಗಳವಾಗಿತ್ತು. ಮನೆಗೆ ನೆಂಟರು ಬರುವವರಿದ್ದರು. ಇವರು ಮಾತ್ರ ಕಾರು ಒರೆಸಿ ಸಿರುಗುಪ್ಪಕ್ಕೆ ಹೊರಟು ನಿಂತಿದ್ದರು. ನನ್ನ ಬಾಯಿಗೆ ಬೀಗ ಎಂಬುದಿಲ್ಲ. "ಆ ಸವತಿ ಜೋಡಿ ಅಲ್ಲೇ ಇದ್ದುಬಿಡ್ರಿ, ಮನಿಗೆ ಬರಬ್ಯಾಡ್ರಿ" ಎಂದುಬಿಟ್ಟೆ.

ಮಧ್ಯಾಹ್ನ ನಾಲ್ಕು ಗಂಟೆಗೆ ಅವರ ಫೋನ್ ಬಂತು. ನಾನು ನನ್ನ ಜೀನ್ಸ್ ಹೊಲಿಗೆ ಘಟಕದಲ್ಲಿದ್ದೆ, ಹನ್ನೆರಡು ಮಷೀನು ಓಡುತ್ತಿದ್ದವು. ಫೋನು ಬಟ್ಟೆ ಕತ್ತರಿಸುವ ಮೇಜಿನ ಮೇಲಿತ್ತು. ಅವರ ಹೆಸರು ನೋಡಿದೆ, ಸಿಟ್ಟು ಇನ್ನೂ ಇಳಿದಿರಲಿಲ್ಲ, ಫೋನನ್ನು ಬೋರಲು ಹಾಕಿದೆ. ಮೂರು ಸಲ ಬಡಿದುಕೊಂಡು ಸುಮ್ಮನಾಯಿತು. ಆಮೇಲೆ ಬಂದದ್ದು ಪೊಲೀಸರ ಫೋನು: ಎದೆನೋವು ಬಂದು ತೂಬಿನ ಹತ್ತಿರ ಕಾರು ನಿಲ್ಲಿಸಿದ್ದರಂತೆ. ನಾನು ಅಲ್ಲಿಗೆ ಹೋಗಿ ಮುಟ್ಟುವಾಗ ಯಜಮಾನರ ಎದೆ ನಿಂತಿತ್ತು, ಎಂಜಿನ್ ಮಾತ್ರ ಇನ್ನೂ ಗುಡುಗುಡು ಎನ್ನುತ್ತಿತ್ತು.

ಮೂರು ಸಲ ಫೋನ್ ಬಂದದ್ದು ನನಗೆ ಗೊತ್ತಿತ್ತು ಎಂದು ನಾನು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಅಂದಿನಿಂದ ಮಧ್ಯಾಹ್ನ ನಾಲ್ಕಾದರೆ ಆ ಗುಡುಗುಡು ಕೇಳಿಸತೊಡಗಿತು. ಹನ್ನೆರಡು ಮಷೀನಿನ ಸದ್ದಿನ ಅಡಿಯಿಂದ, ಬಾಗಿಲಾಚೆ ಕಾರು ನಿಂತು ಕಾಯುತ್ತಿದೆ ಎನ್ನುವ ಹಾಗೆ. ಎದ್ದು ಹೋಗಿ ನೋಡಿದರೆ ಬೀದಿ ಖಾಲಿ. ಒಮ್ಮೆ ಹಾಗೆ ಬೆಚ್ಚಿ ಸೂಜಿಗೆ ಬೆರಳು ಕೊಟ್ಟೆ. ಡಾಕ್ಟರು ನಿದ್ರೆ ಮಾತ್ರೆ ಬರೆದರು. ಹಗಲು ನಾಲ್ಕು ಗಂಟೆಗೆ ಕೇಳುವ ಸದ್ದಿಗೆ ನಿದ್ರೆ ಮಾತ್ರೆ ಏನು ಮಾಡೀತು?

ಕೊನೆಗೆ ಕುರುಗೋಡಿನ ದೊಡ್ಡ ಬಸವಣ್ಣನಿಗೆ, ಆ ಬೃಹತ್ ನಂದಿಗೆ, ನಡೆದುಕೊಳ್ಳತೊಡಗಿದೆ. ಪ್ರತಿ ಸೋಮವಾರ ಬೆಳಗಿನ ಬಸ್ಸು ಹಿಡಿದು ಹೋಗಿ, ಆ ಕಲ್ಲಿನ ಮುಖ ನೋಡುತ್ತ ಒಂದೇ ಬೇಡುತ್ತಿದ್ದೆ: "ತಂದೆ, ಕೊನೆಯ ಗಳಿಗೆಯಲ್ಲಿ ಅವರು ನನ್ನ ಮೇಲೆ ಸಿಟ್ಟಾಗಿದ್ದರೇ? ಇಷ್ಟು ತಿಳಿಸು ಸಾಕು." ತಿರುಗಿ ಬಂದು ಕಾರನ್ನು ಹತ್ತು ನಿಮಿಷ ಚಾಲೂ ಮಾಡುತ್ತಿದ್ದೆ. ನಿಲ್ಲಿಸಿದ ಮೇಲೆ, ಆಯಿಲ್ ಹಾಕುವ ಮುಚ್ಚಳ ತೆಗೆದು ಬಸವಣ್ಣನ ವಿಭೂತಿಯನ್ನು ಒಂದು ಚಿಟಿಕೆ ಅದರೊಳಗೆ ಬಿಡುತ್ತಿದ್ದೆ. ಕಾಯಿಲೆಯವರ ಬಾಯಿಗೆ ಹಾಕುವುದಿಲ್ಲವೇ, ಹಾಗೆ. ಯಾವ ಮೆಕ್ಯಾನಿಕ್‌ಗೂ ಅದನ್ನು ಮುಟ್ಟಗೊಡಲಿಲ್ಲ. ಅವರ ಕೈ ಆಡಿದ ಎಂಜಿನ್ನು, ಇನ್ನೊಬ್ಬರ ಕೈ ಯಾಕೆ ಎಂಬ ಹಟ.

ವರ್ಷಕ್ಕೊಮ್ಮೆ ಅವರ ಪುಣ್ಯಸ್ಮರಣೆಗೆ ಮಾತ್ರ ಅದೇ ಕಾರಿನಲ್ಲಿ ಸಿರುಗುಪ್ಪದ ನಾದಿನಿ ಮನೆಗೆ ಹೋಗುತ್ತಿದ್ದೆವು. ವಿಜಯಾ ಓಡಿಸುತ್ತಿದ್ದಳು. ತೂಬು ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿ "ಜೋರಾಗಿ ಹೋಗವ್ವಾ" ಎನ್ನುತ್ತಿದ್ದೆ. ಒಮ್ಮೆಯೂ ಅಲ್ಲಿ ನಿಂತಿರಲಿಲ್ಲ.

ಕಳೆದ ಕಾರ್ತಿಕದಲ್ಲಿ ತೆಕ್ಕಲಕೋಟೆ ದಾಟುತ್ತಲೇ ಆಯಿಲ್ ದೀಪ ಕೆಂಪಗೆ ಹೊತ್ತಿತು. "ಅಮ್ಮಾ, ಏನೋ ಬಡೀತೈತಿ" ಎಂದಳು ವಿಜಯಾ. ನಾನು ಕಣ್ಣು ಬಿಡದೆಯೇ "ತೂಬು ದಾಟು ಮೊದ್ಲು" ಎಂದೆ. ಟಕಟಕ ಸದ್ದು ಧಡಧಡ ಆಯಿತು, ಆಮೇಲೆ ಸುತ್ತಿಗೆಯಿಂದ ಹೊಡೆದಂತೆ ಒಂದೇ ಏಟು. ಬಾನೆಟ್ಟಿನಿಂದ ಹೊಗೆ, ರಸ್ತೆಯ ಮೇಲೆ ಕಪ್ಪು ಎಣ್ಣೆ. ಕಣ್ಣು ಬಿಟ್ಟರೆ ಎದುರಿಗೇ ತೂಬು. ಗಡಿಯಾರದಲ್ಲಿ ನಾಲ್ಕಾಗಿತ್ತು. ಆ ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಹೊತ್ತಿಗೆ ನನ್ನ ಕಿವಿಯಲ್ಲಿ ಯಾವ ಸದ್ದೂ ಇರಲಿಲ್ಲ. ಇನ್ನೊಮ್ಮೆ ಅವರನ್ನು ಕಳೆದುಕೊಂಡೆ ಎಂದು ರಸ್ತೆ ಬದಿಯಲ್ಲಿ ಕೂತು ಅತ್ತೆ.

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸು ನೀರಿನ ಬಾಟಲಿ ಹಿಡಿದು ಬಂದಳು. ಹೆಸರು ಹುಲಿಗೆಮ್ಮ. ಕಾರನ್ನೇ ನೋಡುತ್ತ ನಿಂತಳು. "ಈ ಗಾಡಿ ವರ್ಷಾ ವರ್ಷಾ ಹೋಗ್ತಿತ್ತವ್ವಾ. ಇವತ್ತರ ನಿಲ್ತೈತೇನೋ ಅಂತ ನೋಡ್ತಿದ್ದೆ. ನಿಲ್ತಿರಲಿಲ್ಲ" ಎಂದಳು.

ಆ ದಿನ ಯಜಮಾನರಿಗೆ ನೀರು ಕುಡಿಸಿದವಳು ಅವಳೇ. ಜನರನ್ನು ಕರೆಯಲು ಹೊಲಕ್ಕೆ ಓಡಿ, ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. "ಪೊಲೀಸ್ರನ್ನ ನೋಡಿ ಹೆದರಿ ಬಾಯಿ ಮುಚ್ಕೊಂಡು ಕುಂತೆ. ತಪ್ಪಾತವ್ವಾ."

ನನಗೆ ಕೇಳಲು ಧೈರ್ಯ ಸಾಲಲಿಲ್ಲ. ವಿಜಯಾ ಕೇಳಿದಳು: "ಅಪ್ಪ ಏನಾದ್ರೂ ಅಂದ್ರಾ?"

"ಫೋನ್ ಹಚ್ಚಿ ಹಚ್ಚಿ ನೋಡಿದ್ರು. ‘ಮಷೀನ್ ಸಪ್ಪಳದಾಗ ಆಕೀಗೆ ಕೇಳ್ಸಿರಾಕಿಲ್ಲ, ಪಾಪ’ ಅಂದ್ರು. ಗಾಡಿ ಬಂದ್ ಮಾಡ್ಲೇನ್ರೀ ಅಂದೆ. ‘ಬ್ಯಾಡವ್ವಾ, ಆ ಸಪ್ಪಳ ಇರ್ಲಿ’ ಅಂದು ಕಣ್ಣು ಮುಚ್ಚಿದ್ರು. ಸಿಟ್ಟಿಲ್ಲ, ಸೆಡವಿಲ್ಲ. ಹಂಗs ಮಲಗಿದ್ಹಂಗ."

ನಾನು ಬೇಡಿದ್ದಕ್ಕೆ ಉತ್ತರ ಸಿಕ್ಕಿತ್ತು. ಅವರಿಗೆ ಸಿಟ್ಟಿರಲಿಲ್ಲ. ಆದರೆ ನನಗೆ ಕೇಳಿಸಿಲ್ಲ ಎಂದು ನಂಬಿ ಹೋಗಿದ್ದರು.

ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿಸಿಕೊಂಡು ಬಳ್ಳಾರಿಯ ಖಾದರ್ ಸಾಬರ ಗ್ಯಾರೇಜಿಗೆ ತಂದೆವು. ಎರಡು ದಿನದ ಮೇಲೆ ಕರೆಸಿ, ಎಂಜಿನ್ನಿನ ಕೆಳಗಿನ ಎಣ್ಣೆ ತಟ್ಟೆ ತೋರಿಸಿದರು. ತಳದಲ್ಲಿ ಬೂದು ಬಣ್ಣದ ರಾಡಿ, ಬೆರಳು ದಪ್ಪ. "ಎಣ್ಣಿ ಎಳಿಯೋ ಜಾಳಿಗಿ ಪೂರಾ ಕಟ್ಟೈತ್ರಿ ಅಮ್ಮ. ಎಣ್ಣಿ ಇಲ್ದ ರಾಡು ಮುರ್ದು, ಬ್ಲಾಕ್ ತೂತು ಬಿದ್ದೈತಿ. ಯಾರೋ ಒಳಗ ಬೂದಿ ಸುರದಾರ. ನಿಮಗ ದುಶ್ಮನ್ ಯಾರರ ಅದಾರೇನ್ರಿ?"

"ನಾನs ಅದೀನಲ್ರೀ" ಎಂದೆ. "ವಿಭೂತಿ ಅದು. ಕುರುಗೋಡಿಂದು."

ಸಾಬರು ನಗಲಿಲ್ಲ. ಕೈ ಒರೆಸಿಕೊಂಡು, "ಅಲ್ಲಮ್ಮಾ, ದೇವ್ರ ಪ್ರಸಾದ ಮನಷ್ಯಾರಿಗೆ. ಎಂಜಿನ್ನಿಗೆ ಎಣ್ಣಿ ಸಾಕು" ಎಂದರು.

ಭಕ್ತರೇ, ನೀವು ಮಾತ್ರ ಹಾಗೆ ಮಾಡಬೇಡಿ. ವಿಭೂತಿ ಬಾನೆಟ್ಟಿನ ಹೊರಗೆ ಹಚ್ಚಿರಿ. ಆದರೆ ನಾಲ್ಕು ವರ್ಷ ಚಿಟಿಕೆ ಚಿಟಿಕೆಯಾಗಿ ನಾನು ಹಾಕಿದ ಬಸವಣ್ಣನ ಬೂದಿ, ಅಷ್ಟುದ್ದದ ರಸ್ತೆಯಲ್ಲಿ ಬೇರೆಲ್ಲೂ ಅಲ್ಲ, ನಾನು ಕಣ್ಣು ಮುಚ್ಚಿ ದಾಟುತ್ತಿದ್ದ ಜಾಗದಲ್ಲೇ ನನ್ನನ್ನು ಇಳಿಸಿತು. ಇದನ್ನು ಆಕಸ್ಮಿಕ ಎನ್ನುವವರು ಎನ್ನಲಿ.

ಮರು ಸೋಮವಾರ ವಿಜಯಾಳನ್ನೂ ಕರೆದುಕೊಂಡು ಕುರುಗೋಡಿಗೆ ಹೋದೆ. ಗುಟ್ಟಾಗಿ ಕಿವಿಯಲ್ಲಿ ಹೇಳೋಣವೆಂದರೆ ಬಸವಣ್ಣನ ಕಿವಿ ನನಗೆ ಎಟುಕುವಷ್ಟು ಕೆಳಗಿಲ್ಲ. ಮಗಳ ಎದುರಿಗೇ ಗಟ್ಟಿಯಾಗಿ ಹೇಳಿದೆ: "ಕೇಳಿಸಿತ್ತು ತಂದೆ. ಬೇಕಂತಲೇ ಎತ್ತಲಿಲ್ಲ." ತಿರುಗಿ ಬರುವಾಗ ವಿಜಯಾ ಬಸ್ಸಿನಲ್ಲಿ, ಹಿಂದೆ ಸೂಜಿ ಚುಚ್ಚಿದ್ದ ನನ್ನ ಬೆರಳನ್ನು ಹಿಡಿದುಕೊಂಡೇ ಕೂತಿದ್ದಳು. ನಾನು ಬೇಡದೇ ಇದ್ದ ಕ್ಷಮೆಗೂ ದಾರಿ ಮಾಡಿಕೊಟ್ಟ ಆ ತಂದೆಗೆ ನನ್ನ ಅನಂತ ನಮಸ್ಕಾರಗಳು.

ಎಂಜಿನ್ನನ್ನು ಮತ್ತೆ ಕಟ್ಟಿಸಲಿಲ್ಲ. ಕಾರು ಅಂಗಳದಲ್ಲಿ ಸುಮ್ಮನೆ ನಿಂತಿದೆ, ಬಾನೆಟ್ಟಿನೊಳಗೆ ಏನೂ ಇಲ್ಲ. ಆದರೂ ನಾಲ್ಕು ಗಂಟೆಗೆ ಆ ಗುಡುಗುಡು ಮತ್ತೆ ಬರತೊಡಗಿದೆ. ಮೊದಲಾಗಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಈಗ ಹನ್ನೆರಡೂ ಮಷೀನು ನಿಲ್ಲಿಸಲು ಹೇಳಿ, ಬಾಗಿಲ ಕಡೆ ತಿರುಗಿ ಕೂರುತ್ತೇನೆ.

"ಹೇಳ್ರಿ" ಎನ್ನುತ್ತೇನೆ. "ಕೇಳಾಕತ್ತೀನಿ."